ಪಪ್ಪಾಯಿಯ ಚಿತ್ರ ತೋರಿಸಬಹುದಿತ್ತು

ನಿರಾಶ್ರಿತರ ಬದುಕನ್ನು ಹೇಳುವ ಪದ್ಯ ಕಾದಂಬರಿಗಳನ್ನು ಅಮೆರಿಕದ ಅನೇಕ ಶಾಲೆಗಳಲ್ಲಿ ಪಾಠವಾಗಿ ಓದಿಸುತ್ತಾರೆ. ಹೊರಗಿನಿಂದ ಬಂದವರನ್ನು ತಮ್ಮವರೆಂದು ಒಪ್ಪಿಕೊಳ್ಳುವುದನ್ನು ಮಕ್ಕಳು ಎಳವೆಯಲ್ಲೇ ಕಲಿಯಲಿ ಎಂಬುದು ಇದರ ಉದ್ದೇಶ. ಆ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ಪಾಠ ನಡೆಯುವ ರೀತಿಯ ಬಗ್ಗೆ ಇದೆ. ನನ್ನ ತಕರಾರಿಗೆ ಆಧಾರವೂ ಅಂಥದೇ ಒಂದು ಪುಸ್ತಕದಲ್ಲಿದೆ.

ಥಾನ್‌ಹಾ ಲಾಯ್ ಅವರ ‘ಇನ್‌ಸೈಡ್ ಔಟ್ ಆ್ಯಂಡ್ ಬ್ಯಾಕ್ ಅಗೇನ್’ 2011ರಲ್ಲಿ ಪ್ರಕಟವಾಗಿ, ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. 1975ರ ಏಪ್ರಿಲ್‌ನಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದ ಕಮ್ಯುನಿಸ್ಟ್ ಪಡೆಗಳ ವಶವಾಗುವಾಗ ತಾಯಿ ಮತ್ತು ಮೂವರು ಅಣ್ಣಂದಿರೊಂದಿಗೆ ಹಡಗು ಹತ್ತಿ, ಗುವಾಮ್ ಹಾಗೂ ಫ್ಲಾರಿಡಾದ ಶಿಬಿರಗಳನ್ನು ದಾಟಿ ಅಲಬಾಮಾ ಸೇರುವ ಹಾ ಎಂಬ ಹತ್ತು ವರ್ಷದ ಹುಡುಗಿಯ ಕಥೆ ಇದು. ಲೇಖಕಿಯೂ ಬಾಲ್ಯದಲ್ಲಿ ಸೈಗಾನ್‌ನಿಂದ ಅಲಬಾಮಾಕ್ಕೆ ಬಂದವರೇ. ನಮ್ಮ ಕಥನಕವನಗಳಲ್ಲಿರುವಂಥ ಪ್ರಾಸವಾಗಲಿ ಲಯದ ಕಟ್ಟಾಗಲಿ ಇದರಲ್ಲಿಲ್ಲ. ಬಿಡಿ ಬಿಡಿ ಪದ್ಯಗಳು, ಗಿಡ್ಡ ಸಾಲುಗಳು, ದಿನಚರಿಯಲ್ಲಿರುವಂತೆ ಕೆಳಗೊಂದು ದಿನಾಂಕ. ಕೆಲವಕ್ಕೆ ದಿನಾಂಕದ ಬದಲು ‘ಪ್ರತಿದಿನ’ ಎಂದಷ್ಟೇ ಇರುತ್ತದೆ. ಸಾಲುಗಳು ಗಿಡ್ಡವಾಗಿರುವುದರಿಂದ ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವ ಮಗುವೂ ಉಳಿದವರ ಜೊತೆಗೇ ಓದಬಲ್ಲದು. ಶಿಕ್ಷಕರಿಗೆ ಇಂಥ ಪುಸ್ತಕಗಳು ಇಷ್ಟವಾಗಲು ಇದೂ ಒಂದು ಕಾರಣವೆಂದು ನಾನು ಭಾವಿಸಿದ್ದೇನೆ.

ಆದರೆ ಈ ಪುಸ್ತಕದ ಅತ್ಯಂತ ಹರಿತವಾದ ಪದ್ಯಗಳು ಹಡಗಿನಲ್ಲಿ ನಡೆಯುವುದಿಲ್ಲ, ತರಗತಿಯಲ್ಲಿ ನಡೆಯುತ್ತವೆ. ಹಾ ಇಂಗ್ಲಿಷಿನಲ್ಲಿ ಇಪ್ಪತ್ತರವರೆಗೆ ಎಣಿಸಿದಾಗ ಇಡೀ ತರಗತಿ ಚಪ್ಪಾಳೆ ತಟ್ಟುತ್ತದೆ. ಊರಿನಲ್ಲಿ ಭಿನ್ನರಾಶಿ ಕಲಿತು, ನದಿಯ ನೀರನ್ನು ಶುದ್ಧಗೊಳಿಸುವುದು ಹೇಗೆಂದು ತಿಳಿದು ಬಂದವಳಿಗೆ ಆ ಚಪ್ಪಾಳೆಯಿಂದ ಮೈಯೆಲ್ಲ ಉರಿಯುತ್ತದೆ. ದಡ್ಡಿಯಾಗುವುದೆಂದರೆ ಇದೇ ಇರಬೇಕು ಎಂದುಕೊಳ್ಳುತ್ತಾಳೆ. ಊಟದ ಕೋಣೆಯ ಒಂದು ಬದಿಯಲ್ಲಿ ಬಿಳಿಯ ಮಕ್ಕಳು, ಇನ್ನೊಂದು ಬದಿಯಲ್ಲಿ ಕಪ್ಪು ಮಕ್ಕಳು ಕುಳಿತಿರುತ್ತಾರೆ. ತಾನು ಯಾವ ಕಡೆ ಕೂರಬೇಕೆಂದು ತಿಳಿಯದ ಹುಡುಗಿ ಬ್ರೆಡ್ಡನ್ನು ಶೌಚಾಲಯದಲ್ಲಿ ತಿನ್ನುತ್ತಾಳೆ.

ಇನ್ನೊಂದು ದಿನ ಶಿಕ್ಷಕಿ, ಹಾ ಎಲ್ಲಿಂದ ಬಂದವಳೆಂದು ತರಗತಿಗೆ ಪರಿಚಯಿಸಲು ಛಾಯಾಚಿತ್ರಗಳನ್ನು ತೋರಿಸುತ್ತಾರೆ: ಸುಟ್ಟ ಮೈಯಲ್ಲಿ ಅಳುತ್ತಾ ಓಡುವ ಬೆತ್ತಲೆ ಹುಡುಗಿ, ಹೆಲಿಕಾಪ್ಟರ್ ಹತ್ತಲು ಹೆಣಗುತ್ತಿರುವ ಜನ, ಮುಳುಗುವ ದೋಣಿಯಲ್ಲಿ ಮೂಳೆಚಕ್ಕಳವಾದ ನಿರಾಶ್ರಿತರು. ಪಪ್ಪಾಯಿಯನ್ನೋ ತಮ್ಮ ಹೊಸವರ್ಷದ ಟೆಟ್ ಹಬ್ಬವನ್ನೋ ತೋರಿಸಬಹುದಿತ್ತು ಎಂದು ಹಾ ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಆ ಶಿಕ್ಷಕಿ ಕೆಟ್ಟವರಲ್ಲ, ಮಕ್ಕಳಲ್ಲಿ ಅನುಕಂಪ ಮೂಡಿಸಲು ಹೊರಟವರು. ಆದರೆ ಆ ಗಳಿಗೆಯಿಂದ ಹಾ ಸಹಪಾಠಿಗಳ ಕಣ್ಣಿಗೆ ಒಬ್ಬ ಹುಡುಗಿಯಾಗಿ ಉಳಿಯದೆ ಒಂದು ಯುದ್ಧದ ಚಿತ್ರವಾಗುತ್ತಾಳೆ. ವಿಪರ್ಯಾಸವೆಂದರೆ, ಇದೇ ಪುಸ್ತಕವನ್ನು ಕಲಿಸುವ ತರಗತಿಗಳಲ್ಲೂ ಬಹುಪಾಲು ನಡೆಯುವುದು ಆ ಚಿತ್ರಪ್ರದರ್ಶನದ ಮುಂದುವರಿಕೆಯೇ ಎಂದು ನನಗನ್ನಿಸುತ್ತದೆ.

ನ್ಯೂಯಾರ್ಕ್ ರಾಜ್ಯಕ್ಕಾಗಿ ಸಿದ್ಧಪಡಿಸಿದ ಎಂಟನೇ ತರಗತಿಯ ಇಂಗ್ಲಿಷ್ ಪಠ್ಯಕ್ರಮದಲ್ಲಿ ನಿರಾಶ್ರಿತರ ಕುರಿತ ಘಟಕವೊಂದನ್ನು ಈ ಕಾದಂಬರಿಯ ಸುತ್ತಲೇ ಕಟ್ಟಲಾಗಿತ್ತು. ಯುದ್ಧದ ಇತಿಹಾಸ, ಬೇರೆ ದೇಶಗಳ ನಿರಾಶ್ರಿತರ ಅನುಭವ ಎಲ್ಲವನ್ನೂ ಓದಿದ ಮೇಲೆ ವಿದ್ಯಾರ್ಥಿ ತಾನೇ ಒಬ್ಬ ನಿರಾಶ್ರಿತನ ದನಿಯಲ್ಲಿ ಎರಡು ಪದ್ಯ ಬರೆಯಬೇಕು. ಶ್ರಮಪಟ್ಟು ರೂಪಿಸಿದ ಪಾಠವೆಂಬುದರಲ್ಲಿ ಅನುಮಾನವಿಲ್ಲ. ಆದರೂ, ಎಂದೂ ಮನೆ ಕಳೆದುಕೊಳ್ಳದ ಮಗು ಕೆಲವು ವಾರಗಳ ಓದಿನಲ್ಲಿ ಆ ನೋವನ್ನು ತನ್ನದೆಂಬಂತೆ ಬರೆದು ಅಂಕ ಪಡೆಯುವುದು ನನಗೆ ಹಿಡಿಸುವುದಿಲ್ಲ. ಆ ಮಗುವಿಗೆ ನಿಜವಾಗಿ ಗೊತ್ತಿರುವುದು ಚಪ್ಪಾಳೆ ತಟ್ಟಿದವನ ಜಾಗ, ಊಟದ ಮೇಜಿನಲ್ಲಿ ಸರಿದು ಕೂರದವಳ ಜಾಗ. ಆ ದನಿಯಲ್ಲಿ ಬರೆಯಲು ಹೇಳಿದರೆ ಒಳ್ಳೆಯದು. ಅಂಕ ಕೊಡುವುದು ಕಷ್ಟವಾಗಬಹುದು, ಆಗಲಿ.

ಇತಿಹಾಸದ ಪಾಠವೂ ಅದೇ ದಿಕ್ಕಿಗೆ ತಿರುಗಬೇಕು. ಸೈಗಾನ್ ಪತನದ ಬೆನ್ನಲ್ಲೇ, 1975ರ ಮೇನಲ್ಲಿ, ಅಮೆರಿಕದ ಸಂಸತ್ತು ಈ ನಿರಾಶ್ರಿತರ ನೆರವಿಗೆ ಕಾನೂನು ಮಾಡಿತು. ಅದೇ ಹೊತ್ತಿಗೆ ಗ್ಯಾಲಪ್ ಸಂಸ್ಥೆ ನಡೆಸಿದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಬರವನ್ನು ವಿರೋಧಿಸಿದ್ದರು. ತಮ್ಮ ಹೊಣೆ ಹೊರುವ ಪ್ರಾಯೋಜಕರು ಸಿಕ್ಕಂತೆ ಕುಟುಂಬಗಳು ದೇಶದ ಮೂಲೆಮೂಲೆಗೆ ಚದುರಿಹೋದವು. ಕಾದಂಬರಿಯಲ್ಲಿ ಹಾ ಇರುವ ಮನೆಯ ಮೇಲೆ ಮೊಟ್ಟೆ ಎಸೆಯುವವರು, ಕಿಟಕಿಗೆ ಇಟ್ಟಿಗೆ ಬೀಸುವವರು ಈ ಹಿನ್ನೆಲೆಯಿಂದಲೇ ಬಂದವರು.

ಹಾ ಎಂಬ ಹುಡುಗಿಯನ್ನು ಸರಿಯಾಗಿ ನೋಡಿದವರು ನೆರೆಮನೆಯ ಮಿಸೆಸ್ ವಾಷಿಂಗ್ಟನ್. ಅವರ ಮಗ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ. ಅವರು ತೋರಿಸುವ ಚಿತ್ರಗಳಲ್ಲಿ ಪಪ್ಪಾಯಿ ಮರವಿದೆ. ಕ್ರಿಸ್ಮಸ್‌ಗೆ ಅವರು ಕೊಡುವ ಸಕ್ಕರೆ ಬೆರೆತ ಒಣ ಪಪ್ಪಾಯಿಯನ್ನು ಹಾ ಸಿಟ್ಟಿನಿಂದ ಕಸದ ಬುಟ್ಟಿಗೆ ಎಸೆಯುತ್ತಾಳೆ, ಏಕೆಂದರೆ ಅದು ಊರಿನ ಹಣ್ಣಿನಂತಿಲ್ಲ. ಆಮೇಲೆ ಅದೇ ಪಪ್ಪಾಯಿ ಬಿಸಿನೀರಿನಲ್ಲಿ ನೆನೆದು ಸಕ್ಕರೆ ಬಿಟ್ಟಾಗ ತಿಂದು ನೋಡಿದರೆ ಪರವಾಗಿಲ್ಲ ಎನ್ನಿಸುತ್ತದೆ. ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ: ಆಶ್ರಯ ಪಡೆದವಳು ಸದಾ ಕೃತಜ್ಞಳಾಗಿರಬೇಕಿಲ್ಲ, ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅವಳಿಗಿದೆ.

ನಮ್ಮಲ್ಲಿಯೂ 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರು ಇದ್ದಾರೆ. ಶಾಲಾ ಪ್ರವಾಸದ ಬಸ್ಸುಗಳು ಚಿನ್ನದ ಬುದ್ಧನನ್ನು ತೋರಿಸಿ, ಫೋಟೊ ತೆಗೆಸಿ, ಕುಶಾಲನಗರದ ಕಡೆಗೆ ಹೊರಡುತ್ತವೆ. ಅಲ್ಲಿನ ಮಕ್ಕಳೊಂದಿಗೆ ಒಂದು ಹೊತ್ತು ಆಟವಾಡುವ, ಊಟ ಮಾಡುವ ಕಾರ್ಯಕ್ರಮವನ್ನು ಯಾವುದಾದರೂ ಶಾಲೆ ಇಟ್ಟುಕೊಂಡಿದ್ದರೆ ದಯವಿಟ್ಟು ಹೇಗೆ ನಡೆಯಿತೆಂದು ಬರೆಯಿರಿ.