ಬಯೋಡೇಟಾ ಪಕ್ಕಕ್ಕಿಡಿ, ಸೋದರಮಾವ ಏನ್ ಮಾಡ್ತಾರೆ?

ಜೀವವಿಮೆ ಕಂಪನಿಯ ಸೇಲ್ಸ್ ಕೆಲಸದ ಇಂಟರ್‌ವ್ಯೂಗೆ ಹೊರಟವರು ಮಾರ್ಕ್ಸ್‌ ಕಾರ್ಡನ್ನು ಮನೆಯಲ್ಲಿ ಮರೆತರೂ ನಡೆಯುತ್ತದೆ, ನೆಂಟರನ್ನು ಮರೆಯುವಂತಿಲ್ಲ. ಬ್ರಾಂಚ್ ಮ್ಯಾನೇಜರ್‌ಗೆ ಬೇಕಾಗಿರುವುದು ನಾಲ್ಕೇ ಸಂಗತಿ: ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಗಾಡಿ ಇದೆಯಾ, ಮದುವೆ ಆಗಿದೆಯಾ, ಮಾವನ ಮನೆ ಎಲ್ಲಿ. ಉತ್ತರ ಹಿಡಿಸಿದರೆ ಒಂದು ಹಾಳೆ ಕೈಗೆ ಬರುತ್ತದೆ. ಒಂದರಿಂದ ನೂರರವರೆಗೆ ಸಾಲು. ಹೆಸರು, ವಯಸ್ಸು, ಉದ್ಯೋಗ, ಅಂದಾಜು ಆದಾಯ, ಮಕ್ಕಳೆಷ್ಟು, ಮೊಬೈಲ್ ನಂಬರ್. ಈ ಪಟ್ಟಿಗೆ ‘ನ್ಯಾಚುರಲ್ ಮಾರ್ಕೆಟ್’ ಎಂದು ಹೆಸರು. ನಿಮ್ಮ ಸೋದರತ್ತೆ, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಹಾಲಿನ ಡೇರಿ ಸೆಕ್ರೆಟರಿ ಎಲ್ಲರೂ ತಮಗೇ ಗೊತ್ತಿಲ್ಲದೆ ಅಲ್ಲಿ ಮಾರುಕಟ್ಟೆಯಾಗಿ ಕೂತಿರುತ್ತಾರೆ.

ಮೊದಲ ಮೂವತ್ತು ಹೆಸರು ಸಲೀಸು. ನಲವತ್ತರ ಹೊತ್ತಿಗೆ ಮಾತು ಬಿಟ್ಟ ದಾಯಾದಿಗಳು ನೆನಪಾಗುತ್ತಾರೆ. ಎಪ್ಪತ್ತು ದಾಟಿದರೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರನ್ನೂ ಬಿಡುವಂತಿಲ್ಲ. ಕೆಲಸ ಸಿಗಲಿ ಬಿಡಲಿ, ಹಾಳೆ ಮಾತ್ರ ವಾಪಸ್ ಬರುವುದಿಲ್ಲ. ಮುಂದಿನ ವಾರ ಸೋದರಮಾವನಿಗೆ ಫೋನ್ ಬಂದರೆ ಆಶ್ಚರ್ಯ ಬೇಡ: ‘ನಿಮ್ಮ ಅಳಿಯನೇ ನಂಬರ್ ಕೊಟ್ಟಿದ್ದು ಸಾರ್.’ ಆ ಅಳಿಯ ಆಯ್ಕೆಯೇ ಆಗಿರುವುದಿಲ್ಲ.

ಇನ್ನು ಪೆನ್ನಿನ ಶಾಸ್ತ್ರ. ಮ್ಯಾನೇಜರ್ ಕ್ಯಾಪ್ ಕಚ್ಚಿ ಹಾಳಾದ ತಮ್ಮ ಪೆನ್ನು ಚಾಚಿ ‘ಇದನ್ನ ನನಗೆ ಮಾರಿ’ ಅನ್ನುತ್ತಾರೆ. ಅಭ್ಯರ್ಥಿ ಯೂಟ್ಯೂಬ್ ನೋಡಿ ಕಲಿತಂತೆ ಅದನ್ನು ಜೇಬಿಗಿಳಿಸಿ ‘ಸಾರ್, ಇಲ್ಲೊಂದು ಸೈನ್ ಹಾಕಿ’ ಅನ್ನುತ್ತಾರೆ. ಬೆಳಗಿನಿಂದ ಬಂದವರೆಲ್ಲ ಅದನ್ನೇ ಹೇಳಿದ್ದರೂ ಮ್ಯಾನೇಜರ್ ಈಗಷ್ಟೇ ಕೇಳಿದವರಂತೆ ನಗುತ್ತಾರೆ. ಸೇರಿದ ಮೇಲೆ ಮಾರಬೇಕಾದದ್ದು ಬೇರೆ. ಕಂಪನಿಯ ಪಾಲಿಸಿ ಮಾರುವ ಬ್ಯಾಂಕಿಗೆ ಎಫ್‌ಡಿ ರಿನ್ಯೂ ಮಾಡಿಸಲು ಬಂದ ನಿವೃತ್ತ ಮೇಷ್ಟ್ರನ್ನು ಕೂರಿಸಿಕೊಂಡು, ಹತ್ತು ವರ್ಷ ಕಂತು ಕಟ್ಟುವ ಪಾಲಿಸಿಯನ್ನು ಅವರ ತಲೆಗೆ ಕಟ್ಟಬೇಕು. ಅದನ್ನು ಆಡಿ ತೋರಿಸಿ ಎಂದು ಇಂಟರ್‌ವ್ಯೂನಲ್ಲಿ ಯಾರೂ ಹೇಳುವುದಿಲ್ಲ. ಪಾಪ, ಅವರಿಗೂ ಮುಜುಗರ ಇರಬೇಕು.

ಕೊನೆಯ ಸುತ್ತಿನಲ್ಲಿ 3.60 ಲಕ್ಷದ ಪ್ಯಾಕೇಜ್ ಅಂದಾಗ ಮನಸ್ಸಿನಲ್ಲೇ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 30,000 ಎಂದು ಹಿಗ್ಗಬೇಡಿ. ಅದರಲ್ಲಿ ಕಾಲು ಭಾಗ, ಅಂದರೆ 7,500, ವೇರಿಯಬಲ್. ಟಾರ್ಗೆಟ್ ಮುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಕ್ 15,000 ಇದ್ದರೆ ಕಂಪನಿಯ ಪಾಲಿನ 12% ಪಿಎಫ್, 1,800, ನಿಮ್ಮ ಪ್ಯಾಕೇಜಿನೊಳಗಿಂದಲೇ ಹೋಗುತ್ತದೆ. ಐದು ವರ್ಷ ದುಡಿದವರಿಗೆ ಸಿಗುವ ಗ್ರಾಚ್ಯುಟಿಗೆಂದು ಬೇಸಿಕ್‌ನ 4.81%, ಸುಮಾರು 721. ಐದು ತಿಂಗಳು ಉಳಿಯುವುದೇ ದುಸ್ತರವಾದ ಸೀಟಿಗೆ ಐದು ವರ್ಷದ ಬಹುಮಾನ! ನಿಮ್ಮ ಪಾಲಿನ ಪಿಎಫ್ ಮತ್ತೊಂದು 1,800. ಕಂಪನಿಯ ಪಾಲು ಕಳೆದು ಉಳಿದ ಸಂಬಳ 21,000 ದಾಟದ್ದರಿಂದ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಕೂಡ, ನಿಮ್ಮದು, ಕಂಪನಿಯದು ಎರಡೂ. ಕೈಗೆ ಬರುವುದು 17,400ರ ಆಸುಪಾಸು. ಸಮಾಧಾನವೆಂದರೆ, 25,000 ಮುಟ್ಟದವರಿಗೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಇಲ್ಲ. ಪೆಟ್ರೋಲಿಗೆ? ‘ಇನ್ಸೆಂಟಿವ್ ಬರುತ್ತಲ್ಲ!’

ಆ ಇನ್ಸೆಂಟಿವ್‌ಗೂ ಒಂದು ಬಾಲವಿದೆ. 13ನೇ ತಿಂಗಳಲ್ಲಿ ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಾರೆ. ಸೋದರತ್ತೆ ಎರಡನೇ ವರ್ಷದ ಕಂತು ಕಟ್ಟದಿದ್ದರೆ, ಕೊಟ್ಟದ್ದನ್ನು ಸಂಬಳದಲ್ಲಿ ಹಿಡಿದುಕೊಳ್ಳುವವರೂ ಇದ್ದಾರೆ. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು ಎಂಬ ಸಂಗತಿ ಅತ್ತೆಗೆ ತಿಳಿದರಂತೂ ಮುಗಿಯಿತು, ಆ ತಿಂಗಳ ಲೆಕ್ಕವೇ ಬುಡಮೇಲು.

‘ನೀವೇನಾದ್ರೂ ಕೇಳೋದಿದ್ಯಾ?’ ಎಂದು ಕೊನೆಗೆ ಕೇಳುತ್ತಾರೆ. ಟಾರ್ಗೆಟ್ ಲೆಕ್ಕ ಪಾಲಿಸಿಗಳ ಸಂಖ್ಯೆಯಲ್ಲೋ ಪ್ರೀಮಿಯಂ ಮೊತ್ತದಲ್ಲೋ, ಫಿಕ್ಸೆಡ್ ಎಷ್ಟೆಂದು ಆಫರ್ ಲೆಟರಿನಲ್ಲಿ ಬರೆದುಕೊಡುತ್ತಾರೋ ಇಲ್ಲವೋ, ಇಷ್ಟನ್ನು ಧಾರಾಳವಾಗಿ ಕೇಳಿ. ‘ಈ ಸೀಟಿನಲ್ಲಿ ಮೊದಲಿದ್ದವರು ಯಾಕೆ ಬಿಟ್ರು?’ ಎಂದು ಮಾತ್ರ ಬಾಯಿ ಬಿಡಬೇಡಿ. ಮ್ಯಾನೇಜರ್ ನಿಮ್ಮ ಹಾಳೆಯನ್ನು ಫೈಲಿಗೆ ಸೇರಿಸುತ್ತಾ ಹೇಳುತ್ತಾರೆ: ‘ಎಚ್‌ಆರ್ ಕಾಲ್ ಮಾಡ್ತಾರೆ.’