ಜಸ್ಟಿಸ್ ಆಲ್ಬಮ್‌ನಲ್ಲಿ ಬೇಸ್ ಹೋಗಿದ್ದೆಲ್ಲಿಗೆ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ ಬಂದಿದ್ದು 1988ರಲ್ಲಿ. ಇವತ್ತಿಗೂ ಅದರ ಮಾತೆತ್ತಿದರೆ ಬರೋ ದೂರು ಒಂದೇ: ಬೇಸ್ ಗಿಟಾರ್ ಕೇಳಿಸಲ್ಲ. ನಿಜ, ಕೇಳಿಸಲ್ಲ. ಮೊದಲು ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್‌ನನ್ನು ಉಳಿದವರು ಗೋಳು ಹೊಯ್ದುಕೊಂಡರು, ಅದಕ್ಕೇ ಹೀಗೆ ಅನ್ನೋದು ಅರ್ಧ ಕಥೆ ಮಾತ್ರ.

ಉಳಿದರ್ಧ ಶಬ್ದದ ಲೆಕ್ಕ. ಬೇಸ್‌ನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ 41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಗಿಟಾರಿನದು 82. ಸಣ್ಣ ಸ್ಪೀಕರಿನಲ್ಲಿ 41 ಬರೋದೇ ಇಲ್ಲ. ಅಲ್ಲಿ ನಮಗೆ ಬೇಸ್ ಅಂತ ಕೇಳೋದು 82ರಿಂದ ಮೇಲಿನದು. ಬ್ಯಾಂಡಿನ ಗಾಯಕ-ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್‌ನ ಮೀಸಾ ಬೂಗಿ ಆಂಪ್‌ನಲ್ಲಿ (ಗಿಟಾರಿನ ದನಿ ಹಿಗ್ಗಿಸೋ ಪೆಟ್ಟಿಗೆ) ಐದು ಇಕ್ಯೂ ಸ್ಲೈಡರ್, ಅಂದರೆ ಒಂದೊಂದು ಹರ್ಟ್ಸ್ ಪಟ್ಟಿಯನ್ನು ಏರಿಸಿ ಇಳಿಸೋ ಗುಂಡಿ: 80, 240, 750, 2200, 6600. ಎರಡು ತುದಿ ಮೇಲೆ, ನಡುವಿನದು ಕೆಳಗೆ, 'ವಿ' ಆಕಾರ. ಅಂಗೈ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿ ಕೂರೋ ಪಟ್ಟಿ) ಹತ್ತಿರ ಒತ್ತಿ ಹೊಡೆದರೆ ಆ 80ರ ಜಾಗವೆಲ್ಲ ಗಿಟಾರಿಗೇ. ನ್ಯೂಸ್ಟೆಡ್ ನುಡಿಸಿದ್ದೂ ಹೆಚ್ಚುಕಡಿಮೆ ಗಿಟಾರಿನದೇ ರಿಫ್ (ಮತ್ತೆ ಮತ್ತೆ ಬರೋ ಸ್ವರಗುಚ್ಛ), ಸ್ವರಕ್ಕೆ ಸ್ವರ. ಅದರ ಮೇಲೆ ಮಿಕ್ಸಿಂಗ್‌ನಲ್ಲೂ (ವಾದ್ಯಗಳ ದನಿ ಹೊಂದಿಸಿ ಸೇರಿಸೋ ಹಂತ) ಬೇಸ್ ತಗ್ಗಿಸಿದರು. ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದ್ದಕ್ಕೇ ತಗ್ಗಿಸಿದ್ದು ಅಂತ ಮಿಕ್ಸ್ ಮಾಡಿದ ಸ್ಟೀವ್ ಥಾಮ್ಸನ್ ಸಂದರ್ಶನದಲ್ಲಿ ಹೇಳಿದ್ದಾನೆ. ಆಗ ಬ್ಯಾಂಡ್ ಮಾನ್‌ಸ್ಟರ್ಸ್ ಆಫ್ ರಾಕ್ ಟೂರ್‌ನಲ್ಲಿತ್ತು. ಸ್ಟೇಡಿಯಂ ಗದ್ದಲ ಕೇಳಿ ದಣಿದ ಕಿವಿ ಅನ್ನೋದನ್ನೂ ಮರೀಬಾರದು.

ಮನೇಲಿ ಇಕ್ಯೂ ತಿರುಗಿಸಿ ಸರಿ ಮಾಡೋಣ ಅಂದರೆ ಆಗಲ್ಲ. 80-100 ಏರಿಸಿದರೆ ಮೇಲೆ ಬರೋದು ಗಿಟಾರಿನ ಧಡ್ ಧಡ್. 60 ಏರಿಸಿದರೆ ಕಿಕ್ ಡ್ರಮ್ ಊದಿಕೊಳ್ಳುತ್ತೆ. 2018ರ ಆವೃತ್ತಿಯೂ ಬರೀ ರೀಮಾಸ್ಟರ್ (ಹಳೇ ಮಿಕ್ಸ್‌ಗೇ ಹೊಸ ಹೊಳಪು), ರೀಮಿಕ್ಸ್ ಅಲ್ಲ. ಬೇಸ್ ಇದ್ದಲ್ಲೇ ಇದೆ. ವಿಡಿಯೊ ಗೇಮ್‌ಗಳಿಂದ ಸಿಕ್ಕ, ವಾದ್ಯಗಳು ಬೇರೆ ಬೇರೆಯಾಗಿರೋ ಬಿಡಿ ಟ್ರ್ಯಾಕ್‌ಗಳಲ್ಲಿ ಬೇಸ್ ಎತ್ತಿ ಅಭಿಮಾನಿಗಳೇ ಮಾಡಿದ ಮಿಕ್ಸ್‌ಗಳು ಬೇಕಾದಷ್ಟಿವೆ. ಕೇಳಿ ನೋಡಿ, ದಪ್ಪ ಖಂಡಿತ ಬರುತ್ತೆ.

ಆದರೂ ನನ್ನ ಓಟು ಹಳೇದಕ್ಕೇ. 'ಒನ್' ಹಾಕಿ, ನಾಲ್ಕು ನಿಮಿಷ ದಾಟಲಿ. ಡಬಲ್ ಬೇಸ್ ಡ್ರಮ್ ಮತ್ತು ಗಿಟಾರ್ ಸೇರಿ ಮೆಷಿನ್‌ಗನ್ ಥರ ಸಿಡಿಯೋ ಜಾಗ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಒಣ ಖಾಲಿ, ಅಲ್ಲೇ ಭಯ ಹುಟ್ಟೋದು. ಬೇಸ್ ಏರಿಸಿದ ಮಿಕ್ಸ್‌ನಲ್ಲಿ ಅದರ ಗುಂಯ್ ಆ ಖಾಲಿಯೊಳಕ್ಕೆ ಇಳಿಯುತ್ತೆ, ಅಂಚು ಮೊಂಡಾಗುತ್ತೆ. ಲೈವ್ ಆಟವೇ ಬೇರೆ ಬಿಡಿ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಿಂತಿದ್ದವರನ್ನು ಕೇಳಿ.

ನನ್ನ ತಕರಾರು ಆಲ್ಬಮ್‌ನ ಉದ್ದದ ಬಗ್ಗೆ. ಒಂಬತ್ತು ಹಾಡು, 65 ನಿಮಿಷ. ಎಲ್‌ಪಿಯ ಒಂದು ಮಗ್ಗುಲಿಗೆ ಸುಮಾರು 22 ನಿಮಿಷ ದಾಟಿದರೆ ಗೀರುಗಳು ಇಕ್ಕಟ್ಟಾಗಿ ದನಿ ಸೊರಗುತ್ತೆ, ಹಾಗಾಗಿ ಎರಡು ತಟ್ಟೆ. ಹತ್ತು ನಿಮಿಷದ ಹತ್ತಿರ ಹೋಗೋ ಶೀರ್ಷಿಕೆ ಹಾಡಿನಲ್ಲಿ ಅದೇ ರಿಫ್ ಮತ್ತೆ ಮತ್ತೆ. ಎರಡು ನಿಮಿಷ ಕತ್ತರಿಸಿದ್ದರೆ ಯಾರೂ ಅಳ್ತಿರಲಿಲ್ಲ.

ಹೊಸದಾಗಿ ಕೇಳೋರು 'ಬ್ಲ್ಯಾಕನ್ಡ್', 'ಒನ್', ಆಮೇಲೆ ಬರ್ಟನ್ ಬಿಟ್ಟುಹೋದ ತುಣುಕುಗಳಿಂದ ಕಟ್ಟಿದ 'ಟು ಲಿವ್ ಈಸ್ ಟು ಡೈ' ಕೇಳಿ. ಹೆಡ್‌ಫೋನಿನ ಬೇಸ್ ಬೂಸ್ಟ್ ಆಫ್ ಇರಲಿ.