ಸಕ್ಕರ್ ಹಾಕಿ ಸಾರ್

ನಮ್ಮ ಏರಿಯಾದ ಅಕ್ವೇರಿಯಂ ಅಂಗಡಿಯವನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ. ಗಾಜಿಗೆ ಪಾಚಿ ಹತ್ತಿದೆಯಾ? ಸಕ್ಕರ್ ಹಾಕಿ ಸಾರ್. ನೀರು ಮಬ್ಬಾಗಿದೆಯಾ? ಸಕ್ಕರ್ ಹಾಕಿ ಸಾರ್. ಗಪ್ಪಿ ಸತ್ತುಹೋಯ್ತಾ? ಅಯ್ಯೋ, ಸಕ್ಕರ್ ಇದ್ದಿದ್ರೆ ಉಳೀತಿತ್ತು ಸಾರ್. ಮೊನ್ನೆ ಭಾನುವಾರ, ಫಿಲ್ಟರ್ ಮೋಟಾರು ಗುಂಯ್ ಅಂತ ಸದ್ದು ಮಾಡುತ್ತಿದೆ ಅಂದೆ. ಅದಕ್ಕೂ ಆತ ಸ್ವಲ್ಪ ಯೋಚನೆ ಮಾಡಿ ಸಕ್ಕರ್ ಇದ್ದ ತೊಟ್ಟಿಯ ಕಡೆಗೇ ನೋಡಿದ.

ಈ ಸಕ್ಕರ್ ಅಂದರೆ ದಕ್ಷಿಣ ಅಮೆರಿಕದ ಪ್ಲೆಕೊ ಕ್ಯಾಟ್‌ಫಿಶ್. ಬಾಯಿ ಹೊಟ್ಟೆಯ ಕಡೆಗಿದೆ, ಗಾಜಿಗೆ ಅಂಟಿಕೊಂಡೇ ಇರುತ್ತೆ. ನೋಡಿದವರಿಗೆಲ್ಲ ಪಾಪ ಗಾಜು ಒರೆಸುತ್ತಿದೆ ಅನ್ನಿಸುತ್ತೆ. ಅದರಲ್ಲೂ ನೂರಾರು ಜಾತಿ ಇವೆ. ಅಂಗಡಿಯವನ ಪ್ರಕಾರ ಮಾತ್ರ ಒಂದೇ.

"ಇದು ಎಷ್ಟು ದೊಡ್ಡದಾಗುತ್ತಪ್ಪ?"

"ನಿಮ್ಮ ಟ್ಯಾಂಕ್ ಎಷ್ಟಿದೆ ಸಾರ್?"

"ಎರಡಡಿ. 60 ಲೀಟರ್ ಹಿಡಿಯಲ್ಲ."

"ಹಂಗಾದ್ರೆ ಅದಕ್ಕೆ ತಕ್ಕಷ್ಟೇ ಬೆಳೆಯುತ್ತೆ."

ಟ್ಯಾಂಕ್ ನೋಡಿ ಮೀನು ಬೆಳೆಯುವುದನ್ನು ನಿಲ್ಲಿಸುತ್ತಂತೆ! ಹಾಗಿದ್ದಿದ್ದರೆ ಒಂದೇ ರೂಮಿನ ಔಟ್‌ಹೌಸಿನಲ್ಲಿ ಬೆಳೆದ ನಾವು ಅಣ್ಣತಮ್ಮಂದಿರೆಲ್ಲ ಮೂರಡಿಗೇ ನಿಂತುಬಿಡಬೇಕಿತ್ತು. ನನ್ನ ತಮ್ಮ ಆರಡಿ ದಾಟಿದ. ಅವನು ಮಲಗಿದರೆ ತಲೆ ದೇವರ ಗೂಡಿನ ಕೆಳಗೆ, ಕಾಲು ಬಚ್ಚಲಲ್ಲಿ. ಈ ಸಕ್ಕರ್ ಕೂಡ ಅಂಥದ್ದೇ. ಎರಡಿಂಚಿನ ಮರಿ, ಊಟ ಸಿಕ್ಕರೆ 40 ಸೆಂಟಿಮೀಟರ್ ಮೀರಿ ಬೆಳೆಯುತ್ತೆ. ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತೆ. ಬೆಳೆಯಲು ಜಾಗ ಸಿಗದಿದ್ದರೆ ನರಳುತ್ತೆ, ಅಷ್ಟೇ.

ನನಗೆ ಬೇಕಾಗಿದ್ದದ್ದು ಬ್ರಿಸಲ್‌ನೋಸ್. ಅದೂ ಪ್ಲೆಕೊನೇ, ಆದರೆ 12-15 ಸೆಂಟಿಮೀಟರಿಗೆ ಸಮಾಧಾನಪಟ್ಟುಕೊಳ್ಳುವ ಜೀವ. ಗಂಡಿನ ಮೂತಿಯ ತುಂಬ ಕುರುಚಲು ಇರುತ್ತೆ.

"ಬ್ರಿಸಲ್‌ನೋಸಾ? ಇದೇ ಸಾರ್ ಅದು."

"ಕುರುಚಲು ಎಲ್ಲಿ?"

"ಇನ್ನೂ ಮಗು ಸಾರ್. ವಯಸ್ಸಿಗೆ ಬಂದ ಮೇಲೆ ಬರುತ್ತೆ."

ಈ ಮಾತಿಗೆ ಏನು ಹೇಳುವುದು? ಬ್ರಿಸಲ್‌ನೋಸ್ ಮರಿಗಳಿಗೆ ನಿಜವಾಗಿಯೂ ಕುರುಚಲು ಇರುವುದಿಲ್ಲ! ಹಾಗಾಗಿ ಉಳಿದದ್ದು ಒಂದೇ ದಾರಿ, ಬೆನ್ನಿನ ಈಜುರೆಕ್ಕೆಯ ಕಡ್ಡಿ ಎಣಿಸುವುದು. ದೊಡ್ಡದಾಗುವ ಸಕ್ಕರಿಗೆ ಹತ್ತರ ಮೇಲೆ, ಬ್ರಿಸಲ್‌ನೋಸಿಗೆ ಎಂಟರ ಆಸುಪಾಸು. ಮಂಡಿಯೂರಿ ಕೂತೆ. ಮೊಬೈಲ್ ಟಾರ್ಚ್ ಬಿಟ್ಟೆ. ಟಾರ್ಚ್ ಬಿದ್ದ ಕೂಡಲೇ ಮೀನು ರೆಕ್ಕೆ ಮಡಚಿಕೊಂಡಿತು. ಕಾದೆ. ಬಿಚ್ಚಿತು. ಒಂದು, ಎರಡು, ಮೂರು... ಮಡಚಿತು.

ಅಷ್ಟರಲ್ಲಿ ಕಾಳು ಕೊಳ್ಳಲು ಬಂದಿದ್ದ ಅಂಕಲ್ ಒಬ್ಬರು "ಏನು ಬಿದ್ದೋಯ್ತು?" ಅಂತ ಪಕ್ಕದಲ್ಲಿ ಬಗ್ಗಿದರು. ವಿಷಯ ಹೇಳಿದೆ. ಅವರೂ ಕನ್ನಡಕ ಏರಿಸಿಕೊಂಡು ಎಣಿಸತೊಡಗಿದರು. ನಾನು ಒಂಬತ್ತು ಅಂದರೆ ಅವರು ಹದಿಮೂರು ಅಂದರು. "ನಾನು ಬ್ಯಾಂಕಲ್ಲಿ ಕ್ಯಾಶಿಯರ್ ಆಗಿದ್ದವನು ರೀ, ನನ್ನ ಲೆಕ್ಕ ತಪ್ಪಲ್ಲ" ಎಂದರು. ಆಮೇಲೆ ಗೊತ್ತಾಯಿತು, ಅವರು ಎಣಿಸುತ್ತಿದ್ದದ್ದು ಬೇರೆ ಮೀನನ್ನು. ಅಂಗಡಿಯವನು ಕ್ಯಾರಿಬ್ಯಾಗ್ ಊದಿಕೊಂಡು ರೆಡಿಯಾಗಿ ನಿಂತಿದ್ದ. ನನ್ನ ಮೀನು ಗಾಜಿನಾಚೆಯಿಂದ ನನ್ನನ್ನೇ ನೋಡಿ ಕಣ್ಣು ಹೊಡೆಯಿತು. ಸುಳ್ಳಲ್ಲ. ಪ್ಲೆಕೊಗೆ ರೆಪ್ಪೆ ಇಲ್ಲ, ಕಣ್ಣುಗುಡ್ಡೆಯನ್ನೇ ಒಳಕ್ಕೆ ಹೊರಳಿಸಿಬಿಡುತ್ತೆ.

ಕೊನೆಗೆ ಹನ್ನೆರಡು ಅಂತ ಇಬ್ಬರೂ ಒಪ್ಪಿದೆವು. ಅಂಗಡಿಯವನು ಒಪ್ಪಲಿಲ್ಲ.

ಇಷ್ಟು ಹಟ ಯಾಕೆ ಅಂದರೆ ನಮ್ಮ ಭಾವನ ಮನೆಯ ಸಕ್ಕರನ್ನು ನಾನು ನೋಡಿದ್ದೇನೆ. ಮೂರಡಿ ಟ್ಯಾಂಕಿನಲ್ಲಿ ತಿರುಗಬೇಕಾದರೆ ರಿವರ್ಸ್ ತಗೊಳ್ಳುತ್ತೆ. ಪಾಚಿ ತಿನ್ನುವುದು ಬಿಟ್ಟು ಯಾವ ಕಾಲವಾಯಿತೋ. ಈಗ ರಾತ್ರಿ ಹೊತ್ತು ಗೋಲ್ಡ್‌ಫಿಶ್ ಮೈಗೆ ಅಂಟಿಕೊಂಡು ಲೋಳೆ ಕೆರೆಯುತ್ತೆ. ಭಾವ "ಕೆರೆಗೆ ಬಿಟ್ಟುಬಿಡ್ತೀನಿ, ಆರಾಮಾಗಿರಲಿ" ಅನ್ನುತ್ತಿದ್ದಾರೆ. ಆರಾಮಾಗೇನೋ ಇರುತ್ತೆ. ಅದೇ ತೊಂದರೆ. ದಂಡೆಗೆ ಬಿಲ ಕೊರೆದು ಮೊಟ್ಟೆ ಇಡುತ್ತೆ, ನೀರು ಕೊಳೆತರೂ ಹೊಟ್ಟೆಯಿಂದಲೇ ಗಾಳಿ ಉಸಿರಾಡಿ ಬದುಕುತ್ತೆ, ಮೈಮೇಲಿನ ಮೂಳೆಯ ಕವಚಕ್ಕೆ ಸಿಕ್ಕಿ ಬಲೆ ಹರಿಯುತ್ತೆ. ಆಂಧ್ರದಲ್ಲಿ ಮೀನು ಸಾಕುವವರು ಇದರಿಂದ ರೋಸಿಹೋಗಿದ್ದಾರೆ. ಭಾವನಿಗೆ ಹೇಳಿದರೆ "ಒಂದೇ ಅಲ್ವಾ" ಅಂತಾರೆ. ಎಲ್ಲರೂ ಒಂದೊಂದೇ ಬಿಟ್ಟದ್ದು ಭಾವ.

ಚಿಕ್ಕವರಿದ್ದಾಗ ಮೋರಿಯಲ್ಲಿ ಪಂಚೆ ಬಿಟ್ಟು ಹಿಡಿದ ಮೀನನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತಿದ್ದೆವು. ನೀರು ಹಸಿರಾದರೆ ಅಮ್ಮ ಬೈಯುತ್ತಿದ್ದಳು, ನಾವು ತೊಳೆಯುತ್ತಿದ್ದೆವು. ಮೀನು ಸುಮ್ನೆ ಮೀನಾಗಿತ್ತು. ಸ್ಕೂಲಿನಿಂದ ಬಂದು ಅದರ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂರುವುದೇ ನಮ್ಮ ಕೆಲಸ, ಅದಕ್ಕೆ ಯಾವ ಕೆಲಸವೂ ಇರಲಿಲ್ಲ.

ಕೊನೆಗೆ ಮನೆಯಲ್ಲೇ ಮರಿ ಮಾಡಿಸುವವರೊಬ್ಬರಿಂದ ಬ್ರಿಸಲ್‌ನೋಸ್ ತಂದೆ. ಅಪ್ಪ ಮೀನಿನ ಕುರುಚಲು ನೋಡಿಯೇ ಮರಿ ಆರಿಸಿದ್ದು. ಕೆರೆಯಲು ಒಂದು ಮರದ ತುಂಡು, ಬೇಯಿಸಿದ ಸೌತೆಕಾಯಿ, ಎಲ್ಲ ಮರ್ಯಾದೆಯೂ ಆಯಿತು. ಹಗಲೆಲ್ಲ ತುಂಡಿನ ಅಡಿಯಲ್ಲಿ ನಿದ್ದೆ. ಬೆಳಗ್ಗೆ ನೋಡಿದರೆ ಮರಳಿನ ಮೇಲೆಲ್ಲ ಅವನ ಕಪ್ಪು ದಾರ. ಇಷ್ಟು ಪುಟ್ಟ ಮೈಯಿಂದ ಅಷ್ಟು ಹೇಗೆ ಬರುತ್ತೆ ಅಂತ ಇನ್ನೂ ಅರ್ಥವಾಗಿಲ್ಲ.

"ಅಪ್ಪಾ, ಇವನದ್ದನ್ನ ತಿನ್ನೋ ಮೀನು ಯಾವುದು?" ಅಂತ ಮಗಳು ಕೇಳಿದಳು.

ಅಂಥದ್ದು ಯಾವುದೂ ಇಲ್ಲ ಪುಟ್ಟಾ, ಬಕೆಟ್ ತಗೊಂಡು ಬಾ ಅಂದೆ.